ಮೊಣಕೈ ನೋವಿಗೆ ಮೂರನೇ ಸೂಜಿ ಬ್ಯಾಡ್ರಿ

ಮೊಣಕೈ ಬಗ್ಗೆ ಮತ್ತ ಒಂದು ರಾಶಿ ಪ್ರಶ್ನೆ ಬಂದಾವ. ಬಹಳ ಮಂದಿ ಕೇಳೋದು ಒಂದ, ಯಾವ ಇಂಜೆಕ್ಷನ್ ಚಲೋ ಅಂತ. ಹಂಗಾಗಿ ಈ ಸಲ ಅದಕ್ಕ ಜಾಸ್ತಿ ಜಾಗ ಕೊಡ್ತೀನಿ.

ರೊಟ್ಟಿ ಮಾಡಿ ಮಾರ್ತೀನ್ರಿ, ದಿನಾ 200 ರೊಟ್ಟಿ ಬಡೀತೀನಿ. ಬಲಗೈ ಮೊಣಕೈ ಹೊರಗಿನ ಎಲುವು ಎಂಟು ತಿಂಗಳಿಂದ ನೋಯ್ತೈತಿ, ತುಂಬಿದ ತಂಬಿಗಿ ಎತ್ತಾಕ ಆಗೂದಿಲ್ಲ. ಎರಡು ಸೂಜಿ ಆದ್ವು, ತಿಂಗಳು ಆರಾಮ, ಮತ್ತ ಅದ ಬ್ಯಾನಿ. ಮೂರನೇದು ಮಾಡಿಸ್ಲೇನ್ರಿ? (ವಿಜಯಪುರ)

ಬ್ಯಾಡ್ರಿ ಅಕ್ಕಾರ. ನೀವು ಹೇಳಿದ ಲಕ್ಷಣ ಟೆನಿಸ್ ಎಲ್ಬೋದ್ದು. ಮಣಿಕಟ್ಟು ಮ್ಯಾಲ ಎತ್ತೋ ಸ್ನಾಯುಗಳ ಟೆಂಡನ್, ಅಂದ್ರ ಸ್ನಾಯುನ ಎಲುವಿಗೆ ಕಟ್ಟಿರೋ ಗಟ್ಟಿ ಹುರಿ, ಆ ಎಲುವಿಗೇ ಅಂಟಿರ್ತೈತಿ, ರೊಟ್ಟಿ ಬಡಿಯೋವಾಗ ಮಣಿಕಟ್ಟು ಹಿಂದಕ್ಕ ಬಾಗೇ ಇರ್ತೈತಿ, ಅದರ ಜೋಡಿ ಹಿಟ್ಟು ನಾದೋದು, ಹಂಚು ಎತ್ತೋದು, ಸೀರಿ ಹಿಂಡೋದು, ಎಲ್ಲಾ ಭಾರ ಅಲ್ಲೇ ಬೀಳ್ತೈತಿ. ಇಷ್ಟು ದಿನದ ಮ್ಯಾಲ ಅದು ಬಾವು ಅಲ್ಲ, ಟೆಂಡನ್ನಿನ ಎಳಿ ಸವದು ನೆಟ್ಟಗ ಕೂಡದ ಉಳಿದಾವ. ಇದಕ್ಕ ಸಾಮಾನ್ಯ ಹಾಕೋದು ಬಾವು ಇಳಿಸೋ ಸ್ಟೀರಾಯ್ಡ್ ಸೂಜಿ, ಅದು ಬ್ಯಾನಿ ಮುಚ್ಚತೈತಿ ಅಷ್ಟ, ಎಳಿ ಕೂಡಿಸೂದಿಲ್ಲ, ನೋವಿಲ್ಲ ಅಂತ ನೀವು ಮತ್ತ ಪೂರಾ ಬಡಿಯಾಕ ಕುಂಡ್ರತೀರಿ. 2013ರಾಗ ಆಸ್ಟ್ರೇಲಿಯಾದವರು ಇದನ್ನ ಪರೀಕ್ಷೆ ಮಾಡಿ ನೋಡ್ಯಾರ, ಸ್ಟೀರಾಯ್ಡ್ ತಗೊಂಡವರಾಗ 100ಕ್ಕ 54 ಮಂದಿಗೆ ವರ್ಷದೊಳಗ ನೋವು ವಾಪಸ್ ಬಂತು, ಬರೇ ಉಪ್ಪುನೀರಿನ ಸೂಜಿ ತಗೊಂಡವರಾಗ 12 ಮಂದಿಗೆ. ಇದು ಗೊತ್ತಿದ್ದೂ ಕೇಳಿದವರಿಗೆಲ್ಲಾ ಚುಚ್ಚಿ ಕಳಸ್ತಾರಲ್ಲ, ಅದಕ್ಕ ನನಗ ಸಿಟ್ಟು.

ಹಂಗಂತ ಕೈ ಕಟ್ಟಿಕೊಂಡು ಕುಂಡ್ರಬ್ಯಾಡ್ರಿ, ಪೂರಾ ರೆಸ್ಟ್ ಕೊಟ್ರ ಟೆಂಡನ್ ಇನ್ನೂ ಸೋಲ್ತೈತಿ. ಅದಕ್ಕ ಭಾರ ಬೇಕು, ಅಳತಿ ಮಾಡಿ. ಮುಂಗೈ ಟೇಬಲ್ ಮ್ಯಾಲ ಇಡ್ರಿ, ಅಂಗೈ ಕೆಳಮುಖ, ಹಸ್ತ ಅಷ್ಟ ಅಂಚಿನಿಂದ ಹೊರಗ. ಅರ್ಧ ಲೀಟರ್ ನೀರಿನ ಬಾಟಲಿ ಹಿಡೀರಿ, ಎಡಗೈ ಆಸರದಿಂದ ಮಣಿಕಟ್ಟು ಮ್ಯಾಲ ತರ್ರಿ, ಎಡಗೈ ಬಿಟ್ಟು ಐದು ಎಣಿಸ್ಕೋತ ಸಾವಕಾಶ ಕೆಳಗ ಇಳಸ್ರಿ. 15 ಸಲ, ನಡುವ ದಮ್ಮು ತಗೊಂಡು ಮೂರು ಸುತ್ತು, ದಿನಕ್ಕ ಒಮ್ಮೆ. ಮಾಡುವಾಗ ಸ್ವಲ್ಪ ನೋವು ಬಂದ್ರ ನಡೀತೈತಿ, ಮರುದಿನ ಮುಂಜಾನೆ ಜಾಸ್ತಿ ಆಗಿದ್ರ ಬಾಟಲಿ ಅರ್ಧ ಖಾಲಿ ಮಾಡ್ರಿ. ಹಗುರ ಅನಿಸಿದ ಮ್ಯಾಲ ಒಂದು ಲೀಟರಿಗೆ ಹೋಗ್ರಿ. ಮೂರು ತಿಂಗಳು ಬಿಡದ ಮಾಡಬೇಕು, ಎರಡು ವಾರಕ್ಕ ಫರಕ್ ಇಲ್ಲ ಅಂತ ಬಿಡೋರ ಜಾಸ್ತಿ, ಆಮ್ಯಾಲ ಎಕ್ಸರ್‌ಸೈಜ್ ನಾಟಲಿಲ್ಲ ಅಂತಾರ.

ದಂಧೆ ಬಂದ್ ಮಾಡ್ರಿ ಅಂತ ನಾ ಹೇಳೂದಿಲ್ಲ, ಮನಿ ನಡೀಬೇಕು. ಆದ್ರ ಹಿಟ್ಟು ನಾದೋದು ಈಗ ಮನ್ಯಾಗಿನ ಗಂಡಸರಿಗೆ ಬಿಡ್ರಿ, ಅವರಿಗೂ ಎರಡು ಕೈ ಅದಾವ. 200 ರೊಟ್ಟಿ ಒಂದ ಕೂಟಿಗೆ ಬ್ಯಾಡ, ಮುಂಜಾನೆ ಒಂದಿಷ್ಟು ಸಂಜಿಗೆ ಒಂದಿಷ್ಟು ಮಾಡ್ರಿ. ಏನರ ಎತ್ತೋದಿದ್ರ ಅಂಗೈ ಮ್ಯಾಲಮುಖ ಮಾಡಿ ಎತ್ರಿ.

ನಾ ಟೆನಿಸ್ ಆಡೇ ಇಲ್ಲ, ಹೆಂಗ ಬಂತು?

ಈ ನೋವು ಬರೋರಾಗ ಬಹಳಷ್ಟು ಮಂದಿ ಆಡಿರೂದಿಲ್ಲ.

ನರ ಸರದೈತಿ ಅಂತ ತಿಕ್ಕಿಸಿದೆ, ಈಗ ಬರಿ ಹಾಕಿಸು ಅಂತಾರ. (ಮುಧೋಳ)

ಯಾವ ನರಾನೂ ಸರದಿಲ್ಲ. ಬರಿ ಹಾಕಿಸಿದ್ರ ಸುಟ್ಟ ಗಾಯ ಆಕ್ಕೈತಿ, ಶುಗರ್ ಇದ್ರ ಅದು ಕೀವು ಹಿಡಿದು ಕೈಗೇ ಕುತ್ತು ತರ್ತೈತಿ. ಆ ಮನುಷ್ಯಾನ ಹಂತ್ಯಾಕ ಮತ್ತ ಹೋಗಬ್ಯಾಡ್ರಿ.

ಬೆಲ್ಟ್ ಕಟ್ಟಲೇನ್ರಿ? ಪವರ್‌ಲೂಮ್ ಕೆಲಸ. (ಬನಹಟ್ಟಿ)

ಕೆಲಸದ ಹೊತ್ತಿಗೆ ಕಟ್ರಿ, ನೋಯೋ ಜಾಗದ ಮ್ಯಾಲ ಅಲ್ಲ, ಎರಡು ಬಟ್ಟು ಕೆಳಗ. ಮಲಗುವಾಗ ತಗೀರಿ.

ಸಚಿನ್ 2005ರಾಗ ಆಪರೇಷನ್ ಮಾಡಿಸ್ಕೊಂಡ್ರಲ್ಲ, ನಂದೂ ಮಾಡಿಸ್ಲೇನ್ರಿ? ನೋವು ಶುರುವಾಗಿ ಎರಡು ತಿಂಗಳಾತು. (ಬೆಳಗಾವಿ)

ಎರಡು ತಿಂಗಳಿಗೆ ಯಾರೂ ಕೊಯ್ಯಬಾರದು. ಬಹುತೇಕ ಮಂದಿಗೆ ವರ್ಷದೊಳಗ ಕಮ್ಮಿ ಆಕ್ಕೈತಿ. ಆರು ತಿಂಗಳಿಂದ ವರ್ಷ ನೆಟ್ಟಗ ಎಕ್ಸರ್‌ಸೈಜ್ ಮಾಡಿದ ಮ್ಯಾಲೂ ಆಗಲಿಲ್ಲಂದ್ರ ಆ ಮಾತು.

ಮೊಣಕೈ ಒಳಗಿನ ಕಡೆ ನೋವು, ಕಿರುಬೆರಳು, ಉಂಗುರ ಬೆರಳು ಜೋಮು ಹಿಡೀತಾವ. (ಇಳಕಲ್)

ಮ್ಯಾಲಿನ ಎಕ್ಸರ್‌ಸೈಜ್ ನಿಮಗಲ್ಲ. ಅಲ್ಲಿ ನರ ಒತ್ತೈತಿ ಅಂತ ಅನುಮಾನ, ಹಿಡಿತ ಸೋಲೋಕಿಂತ ಮೊದಲ ಈ ವಾರನ ಎಲುವಿನ ಡಾಕ್ಟರಿಗೆ ತೋರಸ್ರಿ.