‘ಮದುವೆ ಆದ್ರೆ ಸರಿ ಆಗ್ತದೆ’: ಪಿಸಿಒಎಸ್ ಇರುವ ಹುಡುಗಿಯ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಪಿಸಿಒಎಸ್ ಎಂದರೆ ಹಾರ್ಮೋನಿನ ಏರುಪೇರಿನಿಂದ ಅಂಡಾಶಯದ ಕೆಲಸ, ಮುಟ್ಟು ಹದ ತಪ್ಪುವ ತೊಂದರೆ. ಜನ ಪಿಸಿಒಡಿ ಎನ್ನುವುದೂ ಇದನ್ನೇ.)

ವಯಸ್ಸು 26. ಉಡುಪಿ ಹತ್ತಿರದ ಸೊಸೈಟಿಯೊಂದರಲ್ಲಿ ಕೆಲಸ. ಕರೆದುಕೊಂಡು ಬಂದವರು ಅಮ್ಮ. “ಯಾವ ಮದುವೆಗೂ ಬರುದಿಲ್ಲ ಮೇಡಂ. ಬಾಗಿಲು ಹಾಕಿ ಕೂತ್ಕೊಳ್ತಾಳೆ. ಪಿಸಿಒಡಿ ಉಂಟು, ಮದುವೆ ಆದ್ರೆ ಸರಿ ಆಗ್ತದೆ ಅಂತ ಎಲ್ಲರೂ ಹೇಳ್ತಾರೆ.” ಮಗಳು ತಲೆ ಎತ್ತಲಿಲ್ಲ. ಅಮ್ಮನನ್ನು ಹೊರಗೆ ಕೂರಿಸಿದ ಮೇಲೆಯೇ ಮಾತು ಬಂದದ್ದು.

ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಗಲ್ಲದಲ್ಲಿ ಕೂದಲು, ಕತ್ತಿನ ಹಿಂದೆ ಕಪ್ಪು. ಮನೆಯವರು ಏಳುವ ಮುಂಚೆ ಬಚ್ಚಲಲ್ಲಿ ನಿಂತು ಚಿಮುಟದಿಂದ ಒಂದೊಂದೇ ಕೂದಲು ಕೀಳುವುದು ದಿನದ ಮೊದಲ ಕೆಲಸ. ಕೌಂಟರಿಗೆ ಯಾರಾದರೂ ಬಂದರೆ ಕೈ ತಾನಾಗಿ ಗಲ್ಲ ಮುಚ್ಚುತ್ತದೆ. ಡಾಕ್ಟರು “ತೂಕ ಇಳಿಸಿ” ಎಂದರೆ ಅವಳಿಗೆ ಕೇಳಿಸಿದ್ದು “ತಪ್ಪು ನಿನ್ನದೇ” ಎಂದು. ಬೆಳಗಿನ ತಿಂಡಿ ಬಿಟ್ಟಳು, ಮಧ್ಯಾಹ್ನ ಬರೀ ಸೌತೆಕಾಯಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಬೇಕರಿ ಪೊಟ್ಟಣ ಖಾಲಿ. ಆಮೇಲೆ ಅಳು, ಮರುದಿನ ಮತ್ತೆ ಉಪವಾಸ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 14 ಬಂತು, ಅಂದರೆ ಮಧ್ಯಮ ಮಟ್ಟದ ಖಿನ್ನತೆ. ಸಾವಿನ ಯೋಚನೆಯ ಬಗ್ಗೆ ಇರುವ ಒಂಬತ್ತನೇ ಪ್ರಶ್ನೆಗೆ ‘ಕೆಲವು ದಿನ’ ಎಂದು ಗುರುತು ಹಾಕಿದ್ದಳು. ಅಂಥ ಉತ್ತರ ಬಂದರೆ ಸುತ್ತಿಬಳಸಬಾರದು, ನೇರವಾಗಿ ಕೇಳಿದೆ. ಯೋಜನೆ ಏನೂ ಇರಲಿಲ್ಲ. ಆದರೂ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಅವಳ ಫೋನಿನಲ್ಲಿ ಸೇವ್ ಮಾಡಿಸಿ, ಮನೋವೈದ್ಯರಿಗೆ ಪತ್ರ ಕೊಟ್ಟೆ. ಪಿಸಿಒಎಸ್ ಇರುವ ಎಲ್ಲರಲ್ಲೂ ಖಿನ್ನತೆ, ಆತಂಕ ಇವೆಯೇ ಎಂದು ನೋಡಬೇಕು ಎನ್ನುತ್ತದೆ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ. ನನ್ನಲ್ಲಿಗೆ ಬರುವವರ ಫೈಲಿನಲ್ಲಿ ಸ್ಕ್ಯಾನಿಂಗ್ ಇರುತ್ತದೆ, ಈ ಪ್ರಶ್ನೆ ಇರುವುದು ಅಪರೂಪ.

ಮೊದಲು ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಲು ಹೇಳಿದೆ. ಹಸಿದಿದ್ದು ರಾತ್ರಿ ಮುಗಿಬೀಳುವ ಚಕ್ರ ನಿಲ್ಲದೆ ತೂಕದ ಮಾತು ಬೇಡ. ಹೊತ್ತು ಹೊತ್ತಿಗೆ ಊಟ, ಕುಚ್ಚಲಕ್ಕಿ ಅನ್ನವೂ ಸೇರಿ. ಪಿಸಿಒಎಸ್ ಇರುವ ಹಲವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ತೂಕ ಏರುವುದರಲ್ಲಿ, ಕತ್ತು ಕಪ್ಪಾಗುವುದರಲ್ಲಿ ಅದರ ಪಾಲಿದೆ, ಸೋಮಾರಿತನದ್ದಲ್ಲ ಎಂದಾಗ ಅವಳು ಮೊದಲ ಬಾರಿ ನನ್ನ ಮುಖ ನೋಡಿದಳು. ಕೂದಲಿಗೆ ಚರ್ಮವೈದ್ಯರನ್ನು ಕಾಣಲಿ. ಮಾತ್ರೆಯ ಫಲ ಕಾಣಲು ಆರು ತಿಂಗಳಾದರೂ ಬೇಕು, ನಡುವೆ ಬಿಡಬೇಡ ಎಂದೆ. ಪಾರ್ಲರಿಗೆ ಹೋಗುವುದರಲ್ಲಿ ತಪ್ಪೇನಿಲ್ಲ. ಬಿಡಿಸಬೇಕಾದದ್ದು ಕದ್ದು ಮುಚ್ಚಿ ಬದುಕುವ ಆಯಾಸವನ್ನು. ಅದಕ್ಕಾಗಿ ಚಿಕ್ಕಮ್ಮನ ಮಗಳ ಮೆಹಂದಿಗೆ ಅರ್ಧ ಗಂಟೆ ಹೋಗುವುದು ಮೊದಲ ಹೆಜ್ಜೆ, ಹೊರಡುವ ಹೊತ್ತು ಅವಳದೇ ನಿರ್ಧಾರ.

ಅಮ್ಮನ ಜತೆ ಮಾತು ಉದ್ದವಾಯಿತು. ಮದುವೆ ಇದಕ್ಕೆ ಮದ್ದಲ್ಲ, ಮಗಳ ಬಟ್ಟಲು ನೋಡಿ ಮಾತಾಡುವುದು ಇವತ್ತಿಗೇ ನಿಲ್ಲಲಿ ಎಂದೆ. “ನಾಳೆ ಹುಡುಗನ ಕಡೆಯವರು ಕೇಳಿದ್ರೆ?” ಎಂದು ಅತ್ತೇಬಿಟ್ಟರು. ಹೆದರಿಕೆ ಇದ್ದದ್ದು ಅಲ್ಲೇ. ಪಿಸಿಒಎಸ್ ಎಂದರೆ ಬಂಜೆತನ ಅಲ್ಲ. ಎಷ್ಟೋ ಜನ ತಾವಾಗಿಯೇ ಗರ್ಭ ಧರಿಸುತ್ತಾರೆ, ಆಗದಿದ್ದರೆ ಅಂಡೋತ್ಪತ್ತಿಗೆ ಮಾತ್ರೆ ಇದೆ. ಸಂಬಂಧ ಗಟ್ಟಿಯಾಗುವಾಗ ಹುಡುಗನಿಗೆ ಅವಳೇ ಹೇಳಲಿ. ದಲ್ಲಾಳಿಯ ಬಾಯಲ್ಲಿ ಊರಿಡೀ ಹೋಗುವುದು ಬೇಡ.

ಮೂರು ತಿಂಗಳ ನಂತರ ಅದೇ ಪ್ರಶ್ನಾವಳಿಯಲ್ಲಿ ಅಂಕ 8, ಅಂದರೆ ಸೌಮ್ಯ ಮಟ್ಟ. ರಾತ್ರಿಯ ತಿನ್ನಾಟ ಪೂರ್ತಿ ನಿಂತಿಲ್ಲ. ಮೆಹಂದಿಗೆ ಹೋದವಳು ಊಟ ಮುಗಿಸಿಯೇ ಬಂದಳಂತೆ. ಮನೋವೈದ್ಯರ ಮಾತ್ರೆ ಮುಂದುವರಿದಿದೆ, ತಿಂಗಳಿಗೊಮ್ಮೆ ನನ್ನಲ್ಲಿಗೂ ಬರುತ್ತಾಳೆ.