ಕ್ರಿಸ್‌ಮಸ್‌ಗೆ ಆಫೀಸ್ ಮುಚ್ಚಿದ್ದು ಅವರು, ಸಂಬಳ ಕಟ್ ಆಗಿದ್ದು ನಂದು

ಪ್ರಶ್ನೆ: ಅಕ್ಕಾ, ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದೀವಿ. ಗಂಡ ಸ್ಕಿಲ್ಡ್ ವರ್ಕರ್ ವೀಸಾ, ನಾನು ಡಿಪೆಂಡೆಂಟ್. ಎರಡು ವರ್ಷದಿಂದ ಒಂದು ಸಣ್ಣ ಅಕೌಂಟ್ಸ್ ಆಫೀಸಲ್ಲಿ ಸೋಮವಾರ, ಮಂಗಳವಾರ, ಬುಧವಾರ ಕೆಲಸ ಮಾಡ್ತೀನಿ. ಓನರ್ ನಮ್ಮ ಕಡೆಯೋರೇ, ನಾವು ಬಂದ ದಿನ ಏರ್‌ಪೋರ್ಟಿಗೆ ಬಂದು ಕರ್ಕೊಂಡ್ ಹೋದೋರು, ಅವರು ಕೊಟ್ಟ ರೈಸ್ ಕುಕ್ಕರಲ್ಲೇ ಈಗ್ಲೂ ಅನ್ನ ಮಾಡ್ತಿರೋದು. 2025ರ ಡಿಸೆಂಬರ್ 24ರಿಂದ ಜನವರಿ 2ರ ತನಕ ಆಫೀಸ್ ಮುಚ್ಚಿದ್ರು. ಮುಚ್ತೀವಿ ಅಂತ ವಾಟ್ಸಾಪ್ ಬಂದಿದ್ದು 19ಕ್ಕೆ. ನನ್ನ ರಜಾ ಲೆಕ್ಕದಿಂದ 8 ದಿನ ತೆಗೆದಿದಾರೆ. ಬ್ಯಾಂಕ್ ಹಾಲಿಡೇಗೆ, ಅಂದ್ರೆ ಇಲ್ಲಿನ ಸರ್ಕಾರಿ ರಜಾಗೆ, 5 ಹೋಗಿತ್ತು, ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ 7 ತಗೊಂಡಿದ್ದೆ. ಒಟ್ಟು 20 ಆಯ್ತು, ನಿನಗಿರೋದು 16.8 ಅಂತ ಜನವರಿ ಸಂಬಳದಲ್ಲಿ 3 ದಿನದ್ದು ಕಟ್ ಮಾಡಿದಾರೆ, 290 ಪೌಂಡ್ ಚಿಲ್ರೆ. ಕೇಳೋಕೆ ಬಾಯಿ ಬರ್ತಿಲ್ಲ, ಗಂಡ ‘ಬಿಟ್ಬಿಡು, ಉಪಕಾರ ಮಾಡಿರೋ ಮನುಷ್ಯ’ ಅಂತಾರೆ. ರಾತ್ರಿ ನಿದ್ದೆ ಬರಲ್ಲ. ಕೇಳಿದ್ರೆ ತಪ್ಪಾ?

ಉತ್ತರ: ತಪ್ಪಲ್ಲಮ್ಮ. ಕೇಳಲೇಬೇಕು. ಆದರೆ ಮೊದಲು ಡಿಸೆಂಬರ್ ಕ್ಯಾಲೆಂಡರ್ ಒಂದು ಪ್ರಿಂಟ್ ತಗೊಂಡು ಪೆನ್ನು ಹಿಡ್ಕೊಂಡು ಕೂತ್ಕೋ, ಯಾಕಂದ್ರೆ ನಿನ್ನ ಪತ್ರ ಓದಿ ನಾನು ಮಾಡಿದ ಮೊದಲ ಕೆಲಸ ಅದೇ.

24 ಬುಧವಾರ. 25 ಗುರುವಾರ, 26 ಶುಕ್ರವಾರ. ಆಮೇಲೆ ಶನಿ ಭಾನು ಬಿಟ್ರೆ 29, 30, 31 ಸೋಮ ಮಂಗಳ ಬುಧ, ಜನವರಿ 1 ಗುರುವಾರ, 2 ಶುಕ್ರವಾರ. ಒಟ್ಟು 8 ದಿನ, ಓನರ್ ಲೆಕ್ಕ ಸರಿಯಾಗೇ ಇದೆ, ಆದರೆ ಅದು ಐದೂ ದಿನ ಬರೋರ ಲೆಕ್ಕ. ನೀನು ಗುರುವಾರ ಶುಕ್ರವಾರ ಆಫೀಸಿಗೆ ಹೋಗೋದೇ ಇಲ್ವಲ್ಲ! ಕೆಲಸ ಇಲ್ಲದ ದಿನಕ್ಕೆ ರಜಾ ಹೇಗೆ ಖರ್ಚಾಗುತ್ತೆ? ನಿನ್ನ ಲೆಕ್ಕದಿಂದ ಹೋಗಬೇಕಾಗಿದ್ದು 24, 29, 30, 31, ಅಷ್ಟೇ, 4 ದಿನ. 5 ಪ್ಲಸ್ 7 ಪ್ಲಸ್ 4, 16. ನಿನಗಿದ್ದಿದ್ದು 16.8. ಅಂದ್ರೆ ನೀನು ಜಾಸ್ತಿ ರಜಾ ತಗೊಂಡೇ ಇಲ್ಲ, ಇನ್ನೂ 0.8 ದಿನ ಉಳಿದಿದೆ, ಆ 290 ಪೌಂಡ್ ಪೂರ್ತಿ ನಿಂದೇ.

ಈ 16.8 ಎಲ್ಲಿಂದ ಬಂತು ಅನ್ನೋದೂ ಗೊತ್ತಿರಲಿ, ನಾಳೆ ಮಾತಾಡುವಾಗ ಬೇಕಾಗುತ್ತೆ. ಬ್ರಿಟನ್‌ನಲ್ಲಿ 1998ರ ವರ್ಕಿಂಗ್ ಟೈಮ್ ರೆಗ್ಯುಲೇಷನ್ಸ್ ಪ್ರಕಾರ ವರ್ಷಕ್ಕೆ 5.6 ವಾರ ಸಂಬಳದ ರಜಾ ಕೊಡಲೇಬೇಕು, ವಾರಕ್ಕೆ 5 ದಿನ ಬಂದ್ರೆ 28, 3 ದಿನ ಬಂದ್ರೆ 16.8. ನಮ್ಮೋರು ತುಂಬಾ ಜನ ಇಲ್ಲಿ ಎಡವೋದು ಬ್ಯಾಂಕ್ ಹಾಲಿಡೇ ವಿಷಯದಲ್ಲಿ. ನಮ್ಮೂರಲ್ಲಿ ಜನವರಿ 26, ಆಗಸ್ಟ್ 15, ನವೆಂಬರ್ 1ರ ರಾಜ್ಯೋತ್ಸವ ಎಲ್ಲಾ ಫ್ಯಾಕ್ಟರಿಲೂ ಸಂಬಳದ ರಜಾ, ಅದಕ್ಕೆ 1963ರಿಂದ ಬೇರೆ ಕಾಯ್ದೆನೇ ಇದೆ, ಹಾಗಾಗಿ ಸರ್ಕಾರಿ ರಜಾ ಬೇರೆ ನಮ್ಮ ರಜಾ ಬೇರೆ ಅಂತ ತಲೇಲಿ ಕೂತಿದೆ. ಇಲ್ಲಿ ಹಾಗಲ್ಲ, ಬ್ಯಾಂಕ್ ಹಾಲಿಡೇನ ಆ 5.6 ವಾರದ ಒಳಗೇ ಸೇರಿಸ್ಕೊಳ್ಳೋಕೆ ಓನರ್‌ಗೆ ಅವಕಾಶ ಇದೆ. ನಿನ್ನ 5 ಹಾಗೇ ಹೋಗಿರೋದು: 2025ರ ಜನವರಿ 1 ಬುಧವಾರ ಬಂದಿತ್ತು, ಜೊತೆಗೆ ಈಸ್ಟರ್ ಸೋಮವಾರ, ಮೇ ತಿಂಗಳ ಎರಡು ಸೋಮವಾರ, ಆಗಸ್ಟ್ 25. ಅದರಲ್ಲಿ ಮೋಸ ಇಲ್ಲ.

ಕ್ರಿಸ್‌ಮಸ್‌ಗೆ ಮುಚ್ಚಿ ‘ನಿಮ್ಮ ರಜಾದಲ್ಲಿ ಹಾಕ್ಕೊಳ್ಳಿ’ ಅನ್ನೋದೂ ಕಾನೂನು ಪ್ರಕಾರ ಸರಿ. ಆದರೆ ಕಾಂಟ್ರಾಕ್ಟಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಎಷ್ಟು ದಿನ ರಜಾ ತಗೋ ಅಂತಾರೋ ಅದರ ಎರಡರಷ್ಟು ದಿನ ಮುಂಚೆ ಹೇಳಿರಬೇಕು. ನಿನ್ನ 4 ದಿನಕ್ಕೆ ಕಮ್ಮಿ ಅಂದ್ರೂ 8 ದಿನ ಮುಂಚೆ. 19ಕ್ಕೆ ವಾಟ್ಸಾಪ್ ಹಾಕಿ 24ಕ್ಕೆ ಮುಚ್ಚಿದ್ರೆ ಅದು ಸಾಲಲ್ಲ. ಈ ಪಾಯಿಂಟ್ ನಿನ್ನ ಕಡೆಗೇ ಇದೆ, ಆದರೂ ನನ್ನ ಮಾತು ಕೇಳೋದಾದ್ರೆ ಈಗ ಅದನ್ನ ಎತ್ತಬೇಡ. ಗುರುವಾರ ಶುಕ್ರವಾರದ ವಿಷಯ ಕ್ಯಾಲೆಂಡರ್ ನೋಡಿದ ಯಾರಿಗಾದ್ರೂ ಅರ್ಥ ಆಗುತ್ತೆ, ನೋಟಿಸ್ ವಿಷಯ ತೆಗೆದ್ರೆ ಮಾತು ಜಗಳದ ಕಡೆ ತಿರುಗುತ್ತೆ.

ಇನ್ನು ಮನಸ್ಸಿನ ವಿಷಯ. ಅವರು ಬೇಕಂತ ಮಾಡಿದಾರೆ ಅಂತ ನನಗನ್ನಿಸಲ್ಲ. ನಾನು 11 ವರ್ಷ ಇಂಥದ್ದೇ ಒಂದು ಸಣ್ಣ ಆಫೀಸಲ್ಲಿ ಪೇರೋಲ್, ಅಂದ್ರೆ ಎಲ್ಲರ ಸಂಬಳದ ಲೆಕ್ಕ, ನೋಡ್ಕೊಂಡಿದ್ದೆ. ಅಲ್ಲಿ ರಜಾ ಶೀಟಲ್ಲಿ ‘ಕ್ರಿಸ್‌ಮಸ್ ಕ್ಲೋಶರ್’ ಅಂತ ಒಂದೇ ಕಾಲಂ ಇತ್ತು, ಡಿಸೆಂಬರ್ ಕೊನೇಲಿ ಎಲ್ಲರ ಹೆಸರಿನ ಮುಂದೆ ಒಂದೇ ನಂಬರ್ ಹಾಕಿ ಮೇಲಿಂದ ಕೆಳಗೆ ಎಳೆದುಬಿಡೋದು. ವಾರಕ್ಕೆ 2 ದಿನ ಬರ್ತಿದ್ದ ಒಬ್ಬ ಹುಡುಗಿಗೂ ಅದೇ ನಂಬರ್. ಎರಡು ವರ್ಷ ಹಾಗೇ ನಡೀತು, ಅವಳು ಕೇಳಲಿಲ್ಲ, ನಾನು ನೋಡಲಿಲ್ಲ. ಗೊತ್ತಾದ ದಿನ ದುಡ್ಡು ವಾಪಸ್ ಕೊಡ್ಸಿದೆ, ಆದರೆ ಅವಳು ಆ ಎರಡು ವರ್ಷ ನಮ್ಮ ಬಗ್ಗೆ ಏನು ಅಂದ್ಕೊಂಡಿದ್ಲೋ ಅಂತ ಈಗ್ಲೂ ಹೊಟ್ಟೆಲಿ ಸಂಕಟ ಆಗುತ್ತೆ. ಅವಳು ಒಂದು ಸಲ ಬಾಯಿಬಿಟ್ಟು ಕೇಳಿದ್ದಿದ್ರೆ ಐದು ನಿಮಿಷದ ಕೆಲಸ ಆಗಿತ್ತು. ನೀನು ಸುಮ್ಮನಿದ್ರೆ ಆಗೋದೂ ಅದೇ. ದುಡ್ಡು ಹೋಗೋದಲ್ಲದೆ ಏರ್‌ಪೋರ್ಟಿಗೆ ಬಂದ ಮನುಷ್ಯನ್ನ ಕಂಡ್ರೆ ಒಳಗೊಳಗೇ ಕಹಿ ಬೆಳೆಯುತ್ತೆ, ಪಾಪ ಅವರಿಗೆ ಯಾಕೆ ಅಂತಾನೂ ಗೊತ್ತಿರಲ್ಲ. ಅವರ ಉಪಕಾರ ಮರೀಬೇಡ, ಅವರ ಮನೇಲಿ ಒಂದು ಕಷ್ಟ ಬಂದಾಗ ಮೊದಲು ಹೋಗಿ ನಿಂತ್ಕೋ, ಋಣ ತೀರಿಸೋದು ಹಾಗೆ. ಸಂಬಳ ಬಿಟ್ಟುಕೊಟ್ಟಲ್ಲ, ಅದನ್ನ ನಿನ್ನ ಗಂಡನಿಗೂ ಹೇಳು.

ಎಲ್ಲರ ಮುಂದೆ ಬೇಡ, ಕನ್ನಡ ಕೂಟದಲ್ಲಂತೂ ಬೇಡವೇ ಬೇಡ. ಒಂದು ಇಮೇಲ್ ಹಾಕು, ಹೀಗೆ: ‘ಸರ್, ಜನವರಿ ಪೇಸ್ಲಿಪ್ ನೋಡಿದೆ. ಕ್ರಿಸ್‌ಮಸ್ ಕ್ಲೋಶರ್‌ಗೆ 8 ದಿನ ಅಂತ ಹಾಕಿದೆ, ನಾನು ಬರೋದು ಸೋಮ ಮಂಗಳ ಬುಧ ಮಾತ್ರ, ಹಾಗಾಗಿ 4 ಬರುತ್ತೆ ಅನ್ಸುತ್ತೆ. ಹಾಗಿದ್ರೆ ಕಟ್ ಆದ 3 ದಿನದ್ದು ಫೆಬ್ರವರಿ ಸಂಬಳದಲ್ಲಿ ಸೇರಿಸ್ತೀರಾ? ಕ್ಯಾಲೆಂಡರ್ ಜೊತೇಲಿ ಹಾಕಿದೀನಿ.’ ಅಷ್ಟೇ ಸಾಕು. ಕ್ಷಮಿಸಿ, ತಪ್ಪು ತಿಳ್ಕೋಬೇಡಿ, ಇವೆಲ್ಲ ಬೇಡ, ನೀನೇನು ಸಾಲ ಕೇಳ್ತಿಲ್ಲ.

ವೀಸಾ ಬಗ್ಗೆ ನೀನು ಬಾಯಿಬಿಟ್ಟು ಹೇಳಿಲ್ಲ, ಆದರೆ ಡಿಪೆಂಡೆಂಟ್ ಅಂತ ಮೊದಲನೇ ಸಾಲಲ್ಲೇ ಬರೆದಿದೀಯ, ಆ ಭಯ ನನಗೆ ಕಾಣಿಸ್ತು. ನಿನ್ನ ವೀಸಾ ನಿಂತಿರೋದು ಗಂಡನ ವೀಸಾ ಮೇಲೆ, ಈ ಆಫೀಸಿನ ಮೇಲಲ್ಲ, ಇಲ್ಲಿ ಬಿಟ್ಟು ಬೇರೆ ಕಡೆ ಸೇರಿದ್ರೂ ವೀಸಾಕ್ಕೆ ಏನೂ ಆಗಲ್ಲ. ರಜಾ ಸಂಬಳ ಕೇಳಿದ್ಲು ಅಂತ ಕೆಲಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ, ಸೇರಿದ ಮೊದಲ ದಿನದಿಂದಲೇ ಆ ರಕ್ಷಣೆ ಇದೆ.

ಅವರು ಒಪ್ಪದೇ ಇದ್ರೆ, ಅಥವಾ ‘ನೋಡೋಣ’ ಅಂತ ಎಳೀತಾ ಹೋದ್ರೆ, ಏಕ್ಯಾಸ್‌ಗೆ (Acas, ಕೆಲಸದ ಜಗಳಗಳಿಗೆ ಪುಕ್ಕಟೆ ಸಲಹೆ ಕೊಟ್ಟು ರಾಜಿ ಮಾಡಿಸೋ ಇಲ್ಲಿನ ಸಂಸ್ಥೆ) ಫೋನ್ ಮಾಡು, 0300 123 1100, ಹೆಸರು ಹೇಳದೇನೂ ಕೇಳಬಹುದು. ಟ್ರಿಬ್ಯುನಲ್, ಅಂದ್ರೆ ಕೆಲಸದ ವ್ಯಾಜ್ಯ ನೋಡೋ ಕೋರ್ಟ್, ಅಲ್ಲೀತನಕ ಹೋಗೋ ಪರಿಸ್ಥಿತಿ ಬರಲ್ಲ ಅಂತ ನನ್ನ ನಂಬಿಕೆ, ಆದರೂ ಗಡುವು ನೆನಪಿರಲಿ, ಸಂಬಳ ಕಟ್ ಆದ ದಿನದಿಂದ ಮೂರು ತಿಂಗಳಿಗೆ ಒಂದು ದಿನ ಕಮ್ಮಿ, ಅಷ್ಟರೊಳಗೆ ಏಕ್ಯಾಸ್‌ಗೆ ರಾಜಿ ಸಂಧಾನಕ್ಕೆ ಅರ್ಜಿ ಹೋಗಿರಬೇಕು. ನಾಚಿಕೆಲಿ ಏಪ್ರಿಲ್ ತನಕ ಕಾಯ್ಬೇಡ.

ಮತ್ತೆ ದುಡ್ಡು ಬಂದ ಮೇಲೆ ಇನ್ನೊಂದು ಇಮೇಲ್ ಹಾಕು, 2026ರ ಕ್ರಿಸ್‌ಮಸ್‌ಗೆ ಯಾವತ್ತಿಂದ ಯಾವತ್ತಿನ ತನಕ ಮುಚ್ತೀರ ಅಂತ. ಈ ಸಲ 25 ಶುಕ್ರವಾರ, 26 ಶನಿವಾರ, ಅದಕ್ಕೆ ಬದಲಿ ಬ್ಯಾಂಕ್ ಹಾಲಿಡೇ 28ರ ಸೋಮವಾರ ಬರುತ್ತೆ, ಅದು ನಿನ್ನ ಕೆಲಸದ ದಿನ, ಅದು ನ್ಯಾಯವಾಗೇ ನಿನ್ನ ಲೆಕ್ಕದಿಂದ ಹೋಗುತ್ತೆ. 29, 30 ಸೇರಿಸಿದ್ರೆ 3. ವರ್ಷದ ಉಳಿದ ನಾಲ್ಕು ಸೋಮವಾರ ಬ್ಯಾಂಕ್ ಹಾಲಿಡೇನೂ ಕಳೆದ್ರೆ ನಿನ್ನ ಕೈಲಿ 9.8 ದಿನ ಉಳಿಯುತ್ತೆ, ಅಂದ್ರೆ ಮೂರು ವಾರಕ್ಕಿಂತ ಸ್ವಲ್ಪ ಜಾಸ್ತಿ. ಊರಿಗೆ ಟಿಕೆಟ್ ಅದನ್ನ ನೋಡ್ಕೊಂಡು ಬುಕ್ ಮಾಡು.