ಮಳೆಯಲ್ಲಿ 10 ಕಿ.ಮೀ. ಓಟ: ಕಾಲಿಗೆ ಬೊಕ್ಕೆ ಏಳದಂತೆ ಏನು ಮಾಡಬೇಕು?

ಈ ಭಾನುವಾರ ಮಂಗಳೂರಿನಲ್ಲಿ ಮಳೆಯಲ್ಲೇ 10 ಕಿ.ಮೀ. ಓಡಬೇಕು, ಕಳೆದ ಸಲ ಹತ್ತಿ ಸಾಕ್ಸ್ ಹಾಕಿ ಓಡಿದಾಗ ಆರನೇ ಕಿಲೋಮೀಟರಿಗೇ ಬೊಕ್ಕೆ ಎದ್ದಿತ್ತು, ಏನು ಮಾಡಲಿ ಎಂದು ಕೇಳಿದ್ದೀರಿ. ಬೊಕ್ಕೆ ಎದ್ದದ್ದಕ್ಕೆ ಹೆಚ್ಚಾಗಿ ಆ ಹತ್ತಿ ಸಾಕ್ಸೇ ಕಾರಣ. ಹತ್ತಿ ನೀರು ಹಿಡಿದಿಟ್ಟುಕೊಂಡು ಮುದ್ದೆಯಾಗುತ್ತದೆ, ನೆನೆದು ಮೆತ್ತಗಾದ ಚರ್ಮ ಅದಕ್ಕೆ ಉಜ್ಜಿ ಸುಲಿಯುತ್ತದೆ. ಬೊಕ್ಕೆ ಬೆರಳ ತುದಿಯಲ್ಲಿದ್ದರೆ ಶೂ ಬಿಗಿಯಾಗಿರಲೂಬಹುದು. ಹೆಬ್ಬೆರಳ ಮುಂದೆ ಅರ್ಧ ಇಂಚು ಜಾಗ ಇದೆಯೇ ನೋಡಿ.

ಈ ಭಾನುವಾರದ ಮಂಗಳೂರಿನ ಓಟಕ್ಕೆ ಹೊಸ ಶೂ ಬೇಡ. ತೆಳುವಾದ ಪಾಲಿಯೆಸ್ಟರ್ ಅಥವಾ ನೈಲಾನ್ ಸಾಕ್ಸ್ ತಂದು, ಒಮ್ಮೆ 3 ಕಿ.ಮೀ. ಮಳೆಯಲ್ಲೇ ಓಡಿ ನೋಡಿ. ಓಟದ ದಿನ ಕಾಲು ಚೆನ್ನಾಗಿ ಒರೆಸಿಕೊಂಡು ಹಿಮ್ಮಡಿ, ಬೆರಳ ಸಂದಿ, ಪಾದದ ಒಳಬದಿಗೆ ವ್ಯಾಸಲೀನ್ ದಪ್ಪಗೆ ಹಚ್ಚಿ. ತೊಡೆ ಸಂದಿಗೂ ಹಚ್ಚಲು ಮರೆಯಬೇಡಿ. ಲೇಸಿಗೆ ಎರಡು ಗಂಟು ಹಾಕಿ. ರೇನ್‌ಕೋಟ್ ಬೇಡವೇ ಬೇಡ: ಕರಾವಳಿಯ ಸೆಕೆಗೆ ಅದರೊಳಗೆ ಬೆಂದುಹೋಗುತ್ತೀರಿ. ಮುಂದೆ ಅಂಚಿರುವ ಕ್ಯಾಪ್ ಸಾಕು, ಕಣ್ಣಿಗೆ ನೀರು ಬೀಳುವುದಿಲ್ಲ.

ಒದ್ದೆ ಡಾಂಬರಿಗಿಂತ ಹೆಚ್ಚು ಜಾರುವುದು ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಪಾಚಿ ಕಟ್ಟಿದ ಇಂಟರ್‌ಲಾಕ್. ಅಲ್ಲಿ ಹೆಜ್ಜೆ ಚಿಕ್ಕದು ಮಾಡಿ. ನಿಂತ ನೀರನ್ನು ಸುತ್ತಿಕೊಂಡು ಹೋಗಿ, ಅಡಿಯ ಗುಂಡಿ ಕಾಣುವುದಿಲ್ಲ. ಗುಡುಗು ಕೇಳಿಸಿದರೆ ಓಟ ಬಿಟ್ಟು ಕಟ್ಟಡದೊಳಗೆ ಹೋಗಿ, ಮರದಡಿ ನಿಲ್ಲಬೇಡಿ.

ಓಟ ಮುಗಿದ ತಕ್ಷಣ ಸಾಕ್ಸ್ ಕಳಚಿ. ಆದರೂ ಬೊಕ್ಕೆ ಎದ್ದಿದ್ದರೆ ಒಡೆಯಬೇಡಿ, ಒರೆಸಿ ಪಟ್ಟಿ ಅಂಟಿಸಿ.